ಗಣಕಯಂತ್ರ ಕೂಡುವ ಬಗೆ

1937ನೆಯ ನವೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಜಾರ್ಜ್ ಸ್ಟಿಬಿಟ್ಸ್ ಎಂಬ ಗಣಿತಜ್ಞರು ತಮ್ಮ ಅಡಿಗೆಮನೆಯ ಮೇಜಿನ ಮೇಲೆ ಒಂದು ಚಿಕ್ಕ ಉಪಕರಣವನ್ನು ಜೋಡಿಸಿದರು. ಟೆಲಿಫೋನಿನ ರಿಲೇಗಳು, ಬ್ಯಾಟರಿ, ಟಾರ್ಚಿನ ಎರಡು ಬಲ್ಬುಗಳು, ತಂಬಾಕಿನ ಡಬ್ಬಿಯಿಂದ ಕತ್ತರಿಸಿದ ತಗಡಿನ ಪಟ್ಟಿಗಳು ಇವಿಷ್ಟೇ ಅದರ ಸಾಮಗ್ರಿ. ಒಂದಂಕಿಯ ಎರಡು ಸಂಖ್ಯೆಗಳನ್ನು ಕೂಡುವುದಷ್ಟೇ ಅದರ ಕೆಲಸ. ಆದರೂ ಗಣಕಯಂತ್ರದ ರಚನೆಯನ್ನು ಇಂದು ವಿಶ್ವವಿದ್ಯಾಲಯದಲ್ಲಿ ಕಲಿಯುವ ವಿದ್ಯಾರ್ಥಿಯು ಮೊದಮೊದಲು ಎದುರಿಸುವ ಪಾಠಗಳಲ್ಲಿ ಇದೂ ಒಂದು. ಇದರ ಒಳಗುಟ್ಟನ್ನು ಪರಿಶೀಲಿಸೋಣ.

ಗಣಕಯಂತ್ರಕ್ಕೆ ತಿಳಿದಿರುವ ಅಂಕಿಗಳು 0 ಮತ್ತು 1 ಮಾತ್ರ. ವಿದ್ಯುತ್ತು ಇಲ್ಲದಿದ್ದರೆ 0, ಇದ್ದರೆ 1. ಈ ದ್ವಿಮಾನ ಪದ್ಧತಿಯಲ್ಲಿ ಬಲದಿಂದ ಎಡಕ್ಕೆ ಸ್ಥಾನಗಳ ಬೆಲೆ 1, 2, 4, 8 ಎಂದು ಇಮ್ಮಡಿಯಾಗುತ್ತ ಹೋಗುತ್ತದೆ. ಆದುದರಿಂದ 1ಕ್ಕೆ 1 ಕೂಡಿದರೆ ಆ ಸ್ಥಾನದಲ್ಲಿ 0 ಬರೆದು, ಮುಂದಿನ ಸ್ಥಾನಕ್ಕೆ 1 ಒಯ್ಯಬೇಕು. ಹೀಗೆ ಒಯ್ಯುವುದನ್ನು ಶಾಲೆಯಲ್ಲಿ ದಶಕವೆನ್ನುತ್ತೇವೆ. ಇಲ್ಲಿ ಹತ್ತರ ಮಾತಿಲ್ಲದಿದ್ದರೂ ರೂಢಿಯ ಆ ಹೆಸರನ್ನೇ ಇಟ್ಟುಕೊಳ್ಳೋಣ.

ಹಾಗಾದರೆ ನಮಗೆ ಬೇಕಾದ ಬಲ್ಬುಗಳು ಎರಡು. ಎರಡು ಅಂಕಿಗಳಲ್ಲಿ ಒಂದು ಮಾತ್ರ 1 ಆಗಿದ್ದಾಗ ಮೊದಲನೆಯದು ಬೆಳಗಬೇಕು, ಇದು ಮೊತ್ತ. ಎರಡೂ 1 ಆಗಿದ್ದಾಗ ಎರಡನೆಯದು ಬೆಳಗಬೇಕು, ಇದು ದಶಕ. ಇಂತಹ ನಿಯಮಗಳನ್ನು ಪಾಲಿಸುವ ವಿದ್ಯುನ್ಮಂಡಲಗಳಿಗೆ ತಾರ್ಕಿಕ ದ್ವಾರಗಳೆಂದು ಹೆಸರು. ಎರಡನೆಯ ಸ್ಥಾನದಿಂದ ಮುಂದಕ್ಕೆ ಹಿಂದಿನ ದಶಕವೂ ಸೇರಿ ಮೂರು ಅಂಕಿಗಳನ್ನು ಕೂಡಬೇಕಾಗುವುದರಿಂದ ದ್ವಾರಗಳ ಸಂಖ್ಯೆ ಹೆಚ್ಚುತ್ತದೆ. ಇಂತಹ ಘಟಕಗಳನ್ನು ಸಾಲಾಗಿ ಜೋಡಿಸಿದರೆ ಎಷ್ಟು ದೊಡ್ಡ ಸಂಖ್ಯೆಗಳನ್ನಾದರೂ ಕೂಡಬಹುದು.

ಇಲ್ಲಿಗೆ ಕೆಲಸ ಮುಗಿಯಿತೆಂದು ಅನೇಕ ವಿದ್ಯಾರ್ಥಿಗಳು ಭಾವಿಸುತ್ತಾರೆ. ನಿಜವಾದ ತೊಡಕು ಆರಂಭವಾಗುವುದೇ ಇಲ್ಲಿ. 9999ಕ್ಕೆ 1 ಕೂಡುವಾಗ ದಶಕವು ಒಂದೊಂದೇ ಸ್ಥಾನವನ್ನು ದಾಟುತ್ತ ಕೊನೆಯವರೆಗೂ ಸಾಗುವುದನ್ನು ನಾವೆಲ್ಲ ಬಲ್ಲೆವು. ಹಾಗೆಯೇ ನಾಲ್ಕು ಸ್ಥಾನಗಳ ಯಂತ್ರಕ್ಕೆ 1111 ಮತ್ತು 0001, ಅಂದರೆ 15 ಮತ್ತು 1, ಇವನ್ನು ಕೊಡೋಣ. ದಶಕಗಳಾವುವೂ ಇನ್ನೂ ಸಾಗಿಲ್ಲದ ಮೊದಲ ಗಳಿಗೆಯಲ್ಲಿ ಯಂತ್ರ ತೋರಿಸುವುದು 1110, ಅಂದರೆ 14. ದಶಕವು ಒಂದು ಸ್ಥಾನ ದಾಟಿದಾಗ 12, ಇನ್ನೊಂದು ದಾಟಿದಾಗ 8, ಕಟ್ಟಕಡೆಗೆ 10000, ಅಂದರೆ 16. ಅವಸರದಿಂದ ಓದಿದವನಿಗೆ ದೊರೆಯುವುದು ತಪ್ಪು ಉತ್ತರವೇ! ಯಂತ್ರದ ಯಾವ ಭಾಗವೂ ಕೆಟ್ಟಿಲ್ಲ. ಓದಿದ ಗಳಿಗೆ ಮಾತ್ರ ತಪ್ಪು.

ಎಷ್ಟು ಹೊತ್ತು ಕಾಯಬೇಕು? 1960ರ ದಶಕದಲ್ಲಿ ಬಂದ 7400 ಶ್ರೇಣಿಯ ಒಂದು ದ್ವಾರವನ್ನು ದಾಟಲು ಸುಮಾರು 10 ನ್ಯಾನೊಸೆಕೆಂಡು ಹಿಡಿಯುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲೇ ನ್ಯಾನೊಸೆಕೆಂಡು. ದಶಕವು ಪ್ರತಿ ಸ್ಥಾನದಲ್ಲಿ ಎರಡು ದ್ವಾರಗಳನ್ನು ದಾಟುವುದೆಂದರೆ, 32 ಸ್ಥಾನಗಳಿಗೆ ಸುಮಾರು 640 ನ್ಯಾನೊಸೆಕೆಂಡು ಬೇಕು. ಕೇವಲ ಇದರಿಂದಲೇ ಸೆಕೆಂಡಿಗೆ ಸುಮಾರು 15 ಲಕ್ಷಕ್ಕಿಂತ ಹೆಚ್ಚು ಸಂಕಲನಗಳು ಅಸಾಧ್ಯವಾಗುತ್ತವೆ.

ಪರಿಹಾರವೇನು? ಒಂದು ಸ್ಥಾನದ ಅಂಕಿಗಳೆರಡೂ 1 ಆದರೆ ಅಲ್ಲಿ ದಶಕ ಹುಟ್ಟಿಯೇ ತೀರುತ್ತದೆ; ಎರಡೂ 0 ಆದರೆ ಬಂದ ದಶಕ ಅಲ್ಲಿಯೇ ನಿಲ್ಲುತ್ತದೆ; ಒಂದು ಮಾತ್ರ 1 ಆದರೆ ಬಂದದ್ದು ಮುಂದೆ ಸಾಗುತ್ತದೆ. ಇದನ್ನು ತಿಳಿಯಲು ಹಿಂದಿನ ಸ್ಥಾನಕ್ಕಾಗಿ ಕಾಯಬೇಕಾಗಿಲ್ಲ. ಎಲ್ಲ ಸ್ಥಾನಗಳಲ್ಲಿಯೂ ಏಕಕಾಲದಲ್ಲಿ ನಿರ್ಣಯಿಸಿ, ದೂರದ ಸ್ಥಾನಕ್ಕೆ ದಶಕ ಬರುವುದೋ ಇಲ್ಲವೋ ಎಂಬುದನ್ನು ಕೆಲವೇ ಹಂತಗಳಲ್ಲಿ ಮುಂದಾಗಿಯೇ ಗೊತ್ತುಮಾಡಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜರು ತಮ್ಮ ಹಲ್ಲುಚಕ್ರಗಳ ಯಂತ್ರಕ್ಕಾಗಿ ದಶಕವನ್ನು ಹೀಗೆ ಮುಂಗಾಣುವ ಉಪಾಯವನ್ನು ಯೋಚಿಸಿದ್ದರು. ಆದರೆ ಈ ವೇಗಕ್ಕೆ ಬೆಲೆಯುಂಟು: ದ್ವಾರಗಳೂ ತಂತಿಗಳೂ ಹೆಚ್ಚು ಬೇಕು.

ಇಂದಿನ ದ್ವಾರಗಳು ಬಹುಪಾಲು ಹೆಚ್ಚು ವೇಗದವು. ಆದರೂ ಸಮಸ್ಯೆಯ ಸ್ವರೂಪ ಅದೇ. ಉತ್ತರ ಸರಿಯಾಗಿದ್ದರೆ ಸಾಲದು, ಓದುವ ಗಳಿಗೆಗೆ ಅದು ಸಿದ್ಧವಾಗಿರಬೇಕು. ಯಂತ್ರರಚನೆಯನ್ನು ಕಲಿಯುವುದೆಂದರೆ ಈ ಎರಡನ್ನೂ ಒಟ್ಟಿಗೆ ಸಾಧಿಸಲು ಕಲಿಯುವುದು. ಓದುಗರು 0111ಕ್ಕೆ 0001ನ್ನು ಕಾಗದದ ಮೇಲೆ ಹಂತಹಂತವಾಗಿ ಕೂಡಿ, ಸರಿಯಾದ 8 ಬರುವ ಮೊದಲು ಯಾವ ಯಾವ ತಪ್ಪು ಉತ್ತರಗಳು ಮೂಡುವುವೆಂಬುದನ್ನು ತಾವೇ ಕಂಡುಕೊಳ್ಳಲಿ.