ಹಿತ್ತಾಳೆಯ ಹಠ

1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನು ಆಂಗ್ಲರನ್ನು ಎದುರಿಸಿದ ಕಾಲದ ಎನ್‌ಫೀಲ್ಡ್ ಬಂದೂಕಿಗೆ ಕಾಗದದ ತೋಟಾ. ಒಮ್ಮೆ ಹಾರಿಸಿದರೆ ಮುಗಿಯಿತು. ಈಗಿನದು ಹಿತ್ತಾಳೆಯ ಕೊಳವೆ: ನೂರರಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಗುಂಡು ಹಾರಿದಾಗ ಉಬ್ಬಿದ ಕೊಳವೆಯನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಹಳೆಯ ಅಳತೆಗೆ ತರುತ್ತಾರೆ. (1959ರ ಆಯುಧ ಕಾಯಿದೆಯಂತೆ ತೋಟಾ ತಯಾರಿಕೆ ಪರವಾನಗಿಯಿಲ್ಲದೆ ಕೂಡದು.) ಆದರೆ ಅಚ್ಚು ಸರಿಯಿದ್ದರೂ, ಹಲವು ಸಲ ಬಳಸಿದ ಕೊಳವೆ ತುಸು ದಪ್ಪವಾಗಿಯೇ ಹೊರಬರುವುದೇಕೆ?

ಯಾದಗಿರಿ, ಶಹಾಪುರಗಳ ಮನೆಗಳಲ್ಲಿ ಹಿತ್ತಾಳೆಯ ತಗಡೊಂದು ಸಿಕ್ಕೀತು. ಬಗ್ಗಿಸಿ ಬಿಟ್ಟು ನೋಡಿರಿ. ಅದು ಕೊಂಚ ಹಿಂದಕ್ಕೆ ಚಿಮ್ಮುವುದು. ಲೋಹವು ಶಾಶ್ವತವಾಗಿ ಬಾಗತೊಡಗುವ ಪೀಡನವನ್ನು ಯಂಗ್ ಗುಣಾಂಕದಿಂದ ಭಾಗಿಸಿದರೆ ಈ ಮರುಚಿಮ್ಮಿನ ಅಂದಾಜು ನಮಗೆ ದೊರೆಯುತ್ತದೆ. ಮೆದು ಹಿತ್ತಾಳೆಗೆ ಸುಮಾರು ಸಾವಿರಕ್ಕೆ 1. ಪದೇಪದೇ ಉಬ್ಬಿ, ಒತ್ತಿಸಿಕೊಂಡು ಗಡುಸಾದುದಕ್ಕೆ ಸಾವಿರಕ್ಕೆ 4ರ ಸಮೀಪ. 12 ಮಿ.ಮೀ. ವ್ಯಾಸದಲ್ಲಿ ಇದು ಸುಮಾರು 0.05 ಮಿ.ಮೀ. ಕೊಳವೆ ಬಂದೂಕಿನಲ್ಲಿ ಸಿಕ್ಕಿಕೊಳ್ಳಲು ಇಷ್ಟೇ ಸಾಕು.

ಆದ್ದರಿಂದ ನಾವು ಅಚ್ಚನ್ನು ದೂರುವ ಮುನ್ನ ಲೋಹವನ್ನು ವಿಚಾರಿಸಬೇಕು. ಗಡುಸಾದ ಕತ್ತನ್ನು ಕಾಯಿಸಿ ಮೆದುಗೊಳಿಸಬಹುದು. ಬುಡವನ್ನು ಮಾತ್ರ ಕಾಯಿಸಲಾಗದು. ಮೆದುವಾದ ಬುಡ ಸ್ಫೋಟದ ಒತ್ತಡವನ್ನು ತಡೆಯದು. ಅಲ್ಲಿ ಕೆಟ್ಟುದನ್ನು ಎಸೆಯುವುದೇ ಲೇಸು.

ಎಣ್ಣೆ ಕಡಿಮೆಯಾದರೆ ಕೊಳವೆ ಅಚ್ಚನ್ನೇ ಕಚ್ಚಿಕೊಳ್ಳುವುದು. ಹೆಚ್ಚಾದರೆ ಹೆಗಲಿನಲ್ಲಿ ತಗ್ಗು ಬೀಳುವುದು. ಕುಗ್ಗದ ದ್ರವ ಎಲ್ಲಿಗೆ ಹೋದೀತು?

ಒತ್ತಿದ ಹಿತ್ತಾಳೆಯಲ್ಲಿ ಒಳಬಿಗಿತವೂ ಉಳಿಯುತ್ತದೆ. ಹಿಂದೆ ಭಾರತದಲ್ಲಿ ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿರಿಸಿದ ತೋಟಾಗಳು ತಾವಾಗಿಯೇ ಸೀಳುತ್ತಿದ್ದವು. ಕುದುರೆಮೂತ್ರದಿಂದೇಳುವ ಅಮೋನಿಯಾ ಆ ಬಿಗಿತದೊಡನೆ ಸೇರಿ ಲೋಹವನ್ನು ಸೀಳುತ್ತದೆಂಬುದು 1921ರಲ್ಲಿ ವಿವರಿಸಲ್ಪಟ್ಟಿತು.