ತೋಳಿನೊಳಗಿನ ಮೂರನೆಯ ತಲೆ

ಪ್ರಶ್ನೆ: ಡಾಕ್ಟ್ರೇ, ನಾವು ಹರಿಹರದವರು. ದೊಡ್ಡ ಮಗನಿಗೆ ಹತ್ತೊಂಬತ್ತು ವರ್ಷ. ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಾನೆ, ಬೆಳಗಾಗೆದ್ದು ಗರಡಿಗೆ ಹೋಗುತ್ತಿದ್ದ. ಮೂರು ತಿಂಗಳಿಂದ ಬಲಭುಜ ನೋವು. ಎಣ್ಣೆ ಹಚ್ಚುವಾಗ ನೋಡಿದರೆ ಬಲತೋಳಿನ ಒಳಮಗ್ಗುಲು ಎಡದ್ದಕ್ಕಿಂತ ದಪ್ಪ ಇತ್ತು. ಗಂಟೇನೋ ಅಂತ ಹೆದರಿ ತೋಳಿನ ಎಂಆರ್‌ಐ ಮಾಡಿಸಿದೆವು. ಬೈಸೆಪ್ಸ್‌ಗೆ ಮೂರನೆಯ ತಲೆ ಇದೆ ಅಂತ ರಿಪೋರ್ಟ್ ಬಂತು. ನಮ್ಮ ಅತ್ತೆಯವರು ಅವತ್ತಿನಿಂದ ‘ತೋಳೊಳಗ ತಲಿ ಬೆಳದೈತಂತ’ ಅಂತ ಬಂದವರಿಗೆಲ್ಲ ಹೇಳುತ್ತಿದ್ದಾರೆ. ಅಂಗದೋಷ, ಮುಂದೆ ಯಾರೂ ಹೆಣ್ಣು ಕೊಡೋದಿಲ್ಲ ಅಂತಾರೆ. ಹುಡುಗ ಗರಡಿ ಬಿಟ್ಟ. ಈ ಬಿಸಿಲಲ್ಲೂ ತುಂಬುತೋಳಿನ ಅಂಗಿ ಹಾಕಿಕೊಂಡೇ ಓಡಾಡುತ್ತಾನೆ. ಆಪರೇಷನ್ ಮಾಡಿಸಬೇಕಾ? ಚಿಕ್ಕವನಿಗೂ ಸ್ಕ್ಯಾನ್ ಮಾಡಿಸಲಾ?
– ಒಬ್ಬ ತಾಯಿ, ಹರಿಹರ

ಉತ್ತರ: ತಾಯೀ, ಆಪರೇಷನ್ ಬೇಡ. ಚಿಕ್ಕವನಿಗೆ ಸ್ಕ್ಯಾನೂ ಬೇಡ. ಇಷ್ಟು ಹೇಳಿದರೆ ನಿಮಗೆ ನಿದ್ದೆ ಬರುತ್ತದೆ, ಅತ್ತೆಯವರಿಗೆ ಬರುವುದಿಲ್ಲ. ಹಾಗಾಗಿ ಅವರನ್ನು ಕಾಡುತ್ತಿರುವ ಆ ‘ತಲೆ’ಯ ಮಾತನ್ನೇ ಮೊದಲು ಬಿಡಿಸುತ್ತೇನೆ. ಅವರೆದುರಿಗೆ ಇದನ್ನು ಜೋರಾಗಿ ಓದಿ.

ಕಾವೇರಿ ಹುಟ್ಟುವ ಜಾಗಕ್ಕೆ ನಾವು ತಲಕಾವೇರಿ ಎನ್ನುತ್ತೇವೆ. ಹೊಳೆ ಹುಟ್ಟುವ ಕಡೆ ಅದರ ತಲೆ. ಸ್ನಾಯುವಿನ ಲೆಕ್ಕವೂ ಹೀಗೆಯೇ. ಅದು ಎಲುಬಿನಿಂದ ಹೊರಡುವ ತುದಿಗೆ ವೈದ್ಯರು ತಲೆ ಅಂತ ಹೆಸರಿಟ್ಟರು. ತೋಳು ಮಡಚಿದಾಗ ಉಬ್ಬುವ ಸ್ನಾಯುವಿಗೆ ಅಂಥ ತಲೆ ಎರಡು. ಬೈಸೆಪ್ಸ್ ಎಂಬ ಲ್ಯಾಟಿನ್ ಹೆಸರಿನ ಅರ್ಥವೇ ಎರಡು ತಲೆಯದು ಅಂತ. ಎರಡೂ ಭುಜದ ಹತ್ತಿರ, ಹೆಗಲಹಲಗೆಯ ಎಲುಬಿನಿಂದ ಹೊರಡುತ್ತವೆ. ನಡುತೋಳಿಗೆ ಬರುವಷ್ಟರಲ್ಲಿ ಸೇರಿಕೊಂಡು, ಮೊಣಕೈ ದಾಟಿ, ಮುಂಗೈಯ ಎಲುಬಿಗೆ ಅಂಟುತ್ತವೆ. ಮೊಣಕೈ ಮಡಚುವುದಕ್ಕೂ ಬೀಗದಲ್ಲಿ ಕೀಲಿಕೈ ತಿರುಗಿಸುವುದಕ್ಕೂ ಈ ಸ್ನಾಯು ಬೇಕು.

ನೀವು ಹೊಳೆಸಾಲಿನವರು, ನಿಮಗೆ ಇದು ಇನ್ನೂ ಸುಲಭ. ತುಂಗೆ, ಭದ್ರೆ ಎರಡೂ ಘಟ್ಟದಲ್ಲಿ ಹುಟ್ಟಿ, ಬೇರೆ ಬೇರೆ ಹರಿದು, ಕೂಡ್ಲಿಯಲ್ಲಿ ಕೂಡಿ ಒಂದೇ ಹೊಳೆಯಾಗಿ ನಿಮ್ಮೂರಿಗೆ ಬರುತ್ತವೆ. ಘಟ್ಟ ಅಂದರೆ ಭುಜ, ಆ ಎರಡು ನದಿಗಳೇ ಎರಡು ತಲೆ ಅಂದುಕೊಳ್ಳಿ. ಇನ್ನು ಹರಿದ್ರಾ. ಅದು ಘಟ್ಟದ ಕಡೆ ಹೋಗುವುದೇ ಇಲ್ಲ. ಇತ್ತ ಚನ್ನಗಿರಿ ಸೀಮೆಯ ಸೂಳೆಕೆರೆಯಿಂದ ಹೊರಟು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ನಿಮ್ಮ ಮಗನ ಮೂರನೆಯ ತಲೆಯೂ ಹರಿದ್ರಾ ಇದ್ದ ಹಾಗೆ. ಸಾಮಾನ್ಯವಾಗಿ ಅದು ತೋಳಿನ ಎಲುಬಿನ ನಡುಭಾಗದಿಂದ, ಒಳಮಗ್ಗುಲಿಂದ ಹೊರಟು, ಕೆಳಗೆ ಬಂದು ಬೈಸೆಪ್ಸ್‌ಗೆ ಸೇರುತ್ತದೆ. ನೀವು ದಪ್ಪ ಕಂಡದ್ದೂ ಒಳಮಗ್ಗುಲಲ್ಲೇ ಅಲ್ಲವೇ? (ಕುಸ್ತಿ ಆಡುವವನ ಬಲತೋಳು ಎಡದ್ದಕ್ಕಿಂತ ತುಸು ದಪ್ಪವಿರುವುದು ಹೇಗೂ ಸಹಜ.)

ಇದು ಎಷ್ಟು ಜನರಿಗಿದೆ? ವೈದ್ಯ ವಿದ್ಯಾರ್ಥಿಗಳು 1858ರಿಂದ ಓದುತ್ತ ಬಂದಿರುವ ಗ್ರೇ ಅವರ ಅಂಗರಚನಾ ಗ್ರಂಥ ಹೇಳುವ ಅಂದಾಜು, 100ಕ್ಕೆ ಸುಮಾರು 10. ನಾಡಿನಿಂದ ನಾಡಿಗೆ ಇದು ಏರಿಳಿಯುತ್ತದೆ. ಹಲವರಿಗೆ ಒಂದೇ ತೋಳಲ್ಲಿರುತ್ತದೆ, ಕೆಲವರಿಗೆ ಎರಡರಲ್ಲೂ. ತಾಯಿ ಗರ್ಭದಲ್ಲಿ ಎರಡನೆಯ ತಿಂಗಳಿನಲ್ಲಿ ಕೈಯ ಮಾಂಸದ ಮುದ್ದೆ ಸೀಳಿ ಸೀಳಿ ಬೇರೆ ಬೇರೆ ಸ್ನಾಯುಗಳಾಗುತ್ತವೆ. ಆ ಸೀಳುವಿಕೆಯಲ್ಲಿ ಒಂದು ಎಳೆ ಆಚೆಗೋ ಈಚೆಗೋ ಉಳಿಯುತ್ತದೆ, ಅಷ್ಟೆ. ನೀವು ಬಸುರಿನಲ್ಲಿ ತಿಂದದ್ದು, ನೋಡಿದ್ದು, ಗ್ರಹಣದಲ್ಲಿ ಹೊರಗೆ ಬಂದದ್ದು ಇದಕ್ಕೆ ಕಾರಣವಲ್ಲ. ನೀವು ಇದನ್ನು ಕೇಳಿಲ್ಲ. ಆದರೂ ಯಾರಾದರೂ ತಪ್ಪನ್ನು ನಿಮ್ಮ ಮೇಲೆ ಹಾಕಿರುತ್ತಾರೆ ಅಂತ ನನಗೆ ಗೊತ್ತು.

ನಾನು ಬಹಳ ವರ್ಷ ಅಂಗರಚನೆ ಪಾಠ ಮಾಡಿದವಳು. ದಾವಣಗೆರೆಯಲ್ಲಿ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದಾಗಿನಿಂದ ನಿಮ್ಮ ಜಿಲ್ಲೆಯಲ್ಲೂ ಮಕ್ಕಳು ಮೃತದೇಹದ ತೋಳನ್ನು ಬಿಡಿಸಿ ನೋಡಿಯೇ ಕಲಿಯುತ್ತಿದ್ದಾರೆ. ಪ್ರತಿ ತಂಡದಲ್ಲೂ ಒಂದು ದಿನ ಬರುತ್ತದೆ. ಚರ್ಮ ಸರಿಸಿ, ಕೊಬ್ಬು ಬಿಡಿಸಿ, ಬೈಸೆಪ್ಸ್ ಅನ್ನು ಬೆರಳಿನಿಂದ ಎತ್ತಿದ ಹುಡುಗಿ ತಟ್ಟನೆ ನಿಲ್ಲುತ್ತಾಳೆ. ‘ಮೇಡಂ, ಪುಸ್ತಕದಲ್ಲಿ ಇದ್ದ ಹಾಗೆ ಇಲ್ಲ ಇದು.’ ಹೋಗಿ ನೋಡಿದರೆ ಬೆರಳಗಲದ ಇನ್ನೊಂದು ಪಟ್ಟಿ, ನೀಟಾಗಿ, ತನ್ನದೇ ನರದ ಎಳೆಯೊಂದಿಗೆ. ನಾನು ಆ ದೇಹದ ಅಂಗೈ ತೋರಿಸುತ್ತಿದ್ದೆ. ದುಡಿದು ದಡ್ಡುಗಟ್ಟಿದ ಅಂಗೈ. ಅಷ್ಟು ವರ್ಷ ಬಾಳಿ, ಭಾರ ಹೊತ್ತು, ಮಕ್ಕಳನ್ನು ಎತ್ತಿ ಆಡಿಸಿದ ಆ ಹಿರಿಯರಿಗೆ ತಮ್ಮ ತೋಳಲ್ಲಿ ಹೀಗೊಂದಿದೆ ಅಂತ ಕೊನೆಯವರೆಗೂ ತಿಳಿದಿರುವುದಿಲ್ಲ. ಅವರ ಕಾಲದಲ್ಲಿ ಸ್ಕ್ಯಾನ್ ಇರಲಿಲ್ಲ, ಹಾಗಾಗಿ ಅವರಿಗೆ ಈ ಚಿಂತೆಯೂ ಇರಲಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಎಲ್ಲರೂ ಕೂತು ಹೆಬ್ಬೆರಳ ತುದಿಗೆ ಕಿರುಬೆರಳ ತುದಿ ತಾಗಿಸಿ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ. ಮಣಿಕಟ್ಟಿನ ನಡುವೆ ಹುರಿಯಂತೆ ಒಂದು ನರ ಎದ್ದು ಕಾಣುತ್ತದೆ. ನಾವು ಆಡುಮಾತಲ್ಲಿ ನರ ಅಂದರೂ ಅದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ಹುರಿ. ಕೆಲವರಿಗೆ ಅದು ಕಾಣುವುದಿಲ್ಲ, ಯಾಕೆಂದರೆ ಆ ಸ್ನಾಯುವೇ ಅವರಿಗಿಲ್ಲ. ಪುಸ್ತಕಗಳ ಪ್ರಕಾರ 100ಕ್ಕೆ ಸುಮಾರು 15 ಜನ ಹಾಗಿದ್ದಾರೆ. ಇಲ್ಲದವರೂ ರೊಟ್ಟಿ ಬಡಿಯುತ್ತಾರೆ, ನೀರು ಸೇದುತ್ತಾರೆ. ಬೇರೆ ಕಡೆ ಹುರಿ ಹರಿದರೆ ಸರ್ಜನ್ನರು ಇದನ್ನೇ ಕಿತ್ತು ಅಲ್ಲಿ ಹೊಲಿಯುತ್ತಾರೆ, ತೆಗೆದದ್ದರಿಂದ ಕೈಗೆ ಏನೂ ಕೊರತೆಯಾಗುವುದಿಲ್ಲ. ಅತ್ತೆಯವರ ಕೈಯನ್ನು ಮರೆಯದೆ ನೋಡಿ. ಅವರಿಗೇ ಇಲ್ಲದಿದ್ದರೆ ಅಂಗದೋಷದ ಮಾತು ಅಲ್ಲಿಗೇ ಮುಗಿಯುತ್ತದೆ.

ಈಗ ನನಗೆ ನಿಜವಾಗಿ ಚಿಂತೆಯಾಗಿರುವ ವಿಷಯ. ನಿಮ್ಮ ಮಗ ಹೇಳಿದ್ದು ಭುಜ ನೋವು. ನೀವು ಮಾಡಿಸಿದ್ದು ತೋಳಿನ ಸ್ಕ್ಯಾನ್. ರಿಪೋರ್ಟಿನಲ್ಲಿ ಒಂದು ವಿಚಿತ್ರ ಸಾಲು ಸಿಕ್ಕಿತು, ಮನೆಯವರೆಲ್ಲ ಅದರ ಹಿಂದೆ ಹೋದಿರಿ. ನೋವು ಮಾತ್ರ ಇದ್ದಲ್ಲೇ ಇದೆ. ರಿಪೋರ್ಟ್ ತೆಗೆದು ನೋಡಿ. ಮೂರನೆಯ ತಲೆ ಹ್ಯೂಮರಸ್‌ನಿಂದ, ಅಂದರೆ ತೋಳಿನ ಎಲುಬಿನಿಂದ, ಹೊರಟಿದೆ ಅಂತ ಬರೆದಿದ್ದರೆ ಅದು ಭುಜದ ಕೀಲನ್ನು ಮುಟ್ಟುವುದೇ ಇಲ್ಲ. ಘಟ್ಟದಲ್ಲಿ ಗುಡ್ಡ ಕುಸಿದರೆ ಹರಿದ್ರಾವನ್ನು ದೂರಿ ಏನು ಪ್ರಯೋಜನ? ಕುಸ್ತಿಯವರಿಗೆ ಭುಜ ನೋಯಲು ಬೇರೆ ಕಾರಣಗಳು ಎಷ್ಟೋ ಇವೆ. ತೋಳು ಎತ್ತುವ ಹುರಿಗಳು ಉಜ್ಜಿ ಊದುತ್ತವೆ. ಪಟ್ಟು ಹಾಕುವಾಗ ಕೈ ತಿರುಚಿ ಕೀಲಿನ ಅಂಚು ಹರಿಯುತ್ತದೆ. ಬೈಸೆಪ್ಸ್‌ನ ಉದ್ದ ತಲೆಯ ಹುರಿಯೇ ಉರಿಯೂತಕ್ಕೆ ಸಿಕ್ಕಬಹುದು. ಮೂರು ತಿಂಗಳು ಕಡಿಮೆ ಅವಧಿಯಲ್ಲ. ಎಲುಬು-ಕೀಲಿನ ಡಾಕ್ಟರಿಗೆ ಈ ವಾರವೇ ಭುಜ ತೋರಿಸಿ. ಅಲ್ಲಿಯವರೆಗೆ ಗದೆ ತಿರುವುವುದು, ದಂಡ ಹೊಡೆಯುವುದು ಬೇಡ. ಗಂಟು ಕರಗಿಸುತ್ತೇನೆ ಅಂತ ಯಾರಾದರೂ ತೋಳನ್ನು ಗಟ್ಟಿಯಾಗಿ ತಿಕ್ಕಲು ಬಂದರೆ ಒಪ್ಪಬೇಡಿ. ಕರಗಿಸುವ ಗಂಟು ಅಲ್ಲೇನೂ ಇಲ್ಲ.

ಅಪರೂಪಕ್ಕೆ ಇಂಥ ಹೆಚ್ಚುವರಿ ಪಟ್ಟಿ ಪಕ್ಕದಲ್ಲಿ ಹಾದುಹೋಗುವ ನರವನ್ನೋ ರಕ್ತನಾಳವನ್ನೋ ಒತ್ತುವುದುಂಟು. ಮುಂಗೈಯ ಹೊರಮಗ್ಗುಲು ಜೋಮು ಹಿಡಿಯುವುದು, ಹೆಬ್ಬೆರಳು-ತೋರುಬೆರಳಲ್ಲಿ ಚುಮುಚುಮು, ಕೈ ತಣ್ಣಗಾಗುವುದು, ಮೊಣಕೈ ಮಡಚಲು ಬಲ ಸಾಲದಿರುವುದು ಇದ್ದರೆ ಆ ಡಾಕ್ಟರಿಗೆ ಹೇಳಿ. ದಪ್ಪ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ, ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ, ಅಥವಾ ಎಂದಾದರೂ ಭುಜದಲ್ಲಿ ‘ಟಪ್’ ಅಂದು ತೋಳಿನ ಉಬ್ಬು ಕೆಳಗೆ ಜಾರಿದರೆ ಆಗಲೂ ತಡಮಾಡಬೇಡಿ. ಇವು ಯಾವುವೂ ಇಲ್ಲವಾದರೆ ಎಂಆರ್‌ಐ ರಿಪೋರ್ಟನ್ನು ಬೀರುವಿನಲ್ಲಿ ಜೋಪಾನವಾಗಿಡಿ. ಮುಂದೆಂದಾದರೂ ಆ ತೋಳಿಗೆ ಆಪರೇಷನ್ ಬೇಕಾದರೆ ಸರ್ಜನ್‌ಗೆ ಅದು ಉಪಯೋಗಕ್ಕೆ ಬರುತ್ತದೆ.

ಹೆಣ್ಣಿನ ಮಾತು. ಹತ್ತೊಂಬತ್ತರ ಹುಡುಗನ ಎದುರಿಗೆ ಅದನ್ನು ಈಗ ಆಡುವುದೇ ತಪ್ಪು. ಸ್ನಾಯುವಿನ ಈ ವ್ಯತ್ಯಾಸವನ್ನು ಯಾವ ಬೀಗರಿಗೂ ಹೇಳಬೇಕಾದ್ದಿಲ್ಲ, ಮುಚ್ಚಿಡಬೇಕಾದ್ದೂ ಇಲ್ಲ. ಆದರೆ ತುಂಬುತೋಳಿನ ಅಂಗಿಯ ಸಂಗತಿ ಓದಿ ನನಗೆ ಸಂಕಟವಾಯಿತು. ನಿಮ್ಮ ಪತ್ರದಲ್ಲಿ ಅತ್ತೆಯವರು ಅಂದದ್ದು ಇದೆ, ಬಂದವರಿಗೆ ತಿಳಿದದ್ದು ಇದೆ, ಹುಡುಗ ಏನಂದ ಅನ್ನುವುದು ಎಲ್ಲೂ ಇಲ್ಲ. ರಿಪೋರ್ಟನ್ನು ಅವನಿಗೆ ಯಾರಾದರೂ ಕೂರಿಸಿಕೊಂಡು ವಿವರಿಸಿದರೇ? ಇಲ್ಲದಿದ್ದರೆ ಈ ಅಂಕಣವನ್ನು ಅವನ ಕೈಗೇ ಕೊಡಿ. ಗರಡಿಯ ಉಸ್ತಾದರಿಗೂ ಒಂದು ಮಾತು ತಿಳಿಸಿ, ಅವರು ಕರೆದರೆ ಅವನು ಬೇಗ ಬರುತ್ತಾನೆ. ಭುಜ ವಾಸಿಯಾಗುವವರೆಗೆ ಸಾಮು ಮಾಡದಿದ್ದರೂ ಹೋಗಿ ಮಣ್ಣು ಹದಮಾಡಿ ಬರಬಹುದಲ್ಲ.

ಭುಜ ನೋಡಿದ ಡಾಕ್ಟರು ಏನಂದರು ಅಂತ ನನಗೆ ಬರೆಯಿರಿ. ಅವನೇ ಬರೆದರೆ ಇನ್ನೂ ಸಂತೋಷ.