ಸಾವಿನ ಮನೆಯಲ್ಲಿ ಸತ್ಯವೂ ಕರುಣೆಯೂ



2019ರ ಜುಲೈ ತಿಂಗಳ ಕೊನೆಯ ದಿನಗಳನ್ನು ನಮ್ಮ ಮಲೆನಾಡಿನವರು ಮರೆತಿಲ್ಲ. ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆತನದಲ್ಲಿ ಹುಟ್ಟಿ ಕಾಫಿ ಡೇ ಸಂಸ್ಥೆ ಕಟ್ಟಿದ ವಿ.ಜಿ. ಸಿದ್ಧಾರ್ಥ ಅವರು 29ರಂದು ಕಾಣೆಯಾದರು; 31ರಂದು ಅವರ ಪಾರ್ಥಿವ ಶರೀರ ಸಿಕ್ಕಿತು. ಮರುತಿಂಗಳ ಮಹಾಮಳೆಗೆ ಮೂಡಿಗೆರೆ, ಕಳಸದ ಕಡೆ ಗುಡ್ಡಗಳು ಕುಸಿದು ತೋಟಗಳು ಕೊಚ್ಚಿಹೋದವು. ಸಾಲ, ಬೆಳೆನಷ್ಟ, ಮಾನ ಹೋಗುವ ಭಯ ಇವು ಬಂಗಲೆಗೂ ಬರುತ್ತವೆ, ಲೈನ್ ಮನೆಗೂ ಬರುತ್ತವೆ. ಶಿಲುಬೆ ತೂಗುಹಾಕಿದ ಮನೆಯೆಂದು ಬಾಗಿಲಲ್ಲೇ ನಿಲ್ಲುವುದಿಲ್ಲ.

ಒಬ್ಬರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡ ಮನೆಗೆ ಹೋದಾಗ ನಾವು ಏನು ಹೇಳುತ್ತೇವೆ? ಅಂಗಳದಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. "ಇಂಥವರಿಗೆ ಮೋಕ್ಷ ಎಲ್ಲಿದೆ?" ಎನ್ನುವುದು ಒಂದು. "ಪಾಪ, ಕಷ್ಟದಿಂದ ಬಿಡುಗಡೆ ಸಿಕ್ಕಿತು" ಎನ್ನುವುದು ಇನ್ನೊಂದು. ಮೊದಲನೆಯವರು ಸತ್ಯ ಹೇಳಿದೆವೆಂದು, ಎರಡನೆಯವರು ಕರುಣೆ ತೋರಿದೆವೆಂದು ತಿಳಿದಿರುತ್ತಾರೆ. ಧರ್ಮಸಭೆ ಕಲಿಸುವುದು ಎರಡನ್ನೂ ಅಲ್ಲ.

1917ರ ಧರ್ಮಸಭಾ ಕಾನೂನು, ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರವನ್ನು ನಿರಾಕರಿಸಿತ್ತು. ನಮ್ಮ ಅಜ್ಜ ಅಜ್ಜಿಯರ ಮನಸ್ಸಿನಲ್ಲಿ ಉಳಿದದ್ದು ಅದೇ. 1983ರ ಹೊಸ ಕಾನೂನಿನಲ್ಲಿ ಆ ನಿರಾಕರಣೆ ಇಲ್ಲ. 1992ರ ಧರ್ಮೋಪದೇಶ ಗ್ರಂಥವು ಇನ್ನೂ ವಿವರವಾಗಿ ತಿಳಿಸುತ್ತದೆ: ಜೀವ ದೇವರದು, ನಾವು ಅದರ ಒಡೆಯರಲ್ಲ, ಪಾಲಕರು ಮಾತ್ರ, ಆದ್ದರಿಂದ ಆತ್ಮಹತ್ಯೆ ಗಂಭೀರವಾದ ತಪ್ಪು. ಆದರೆ ತೀವ್ರ ಮಾನಸಿಕ ಅಸ್ವಸ್ಥತೆ, ಯಾತನೆ, ಭಯ ಇವು ಆ ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡಬಲ್ಲವು. ಅವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು. ಪಶ್ಚಾತ್ತಾಪಕ್ಕೆ ಅವಕಾಶ ಕೊಡುವ ದಾರಿ ದೇವರೊಬ್ಬರಿಗೇ ಗೊತ್ತು. ಇಂಥ ಸಾವಿನಿಂದ ವಿಧವೆಯಾದ ಒಬ್ಬಾಕೆಗೆ ಆರ್ಸ್ ಊರಿನ ಸಂತ ಜಾನ್ ಮರಿಯ ವಿಯಾನಿಯವರು ಹೇಳಿದರೆನ್ನುವ ಸಮಾಧಾನವೂ ಇದೇ: ಕೊನೆಯ ಕ್ಷಣದಲ್ಲಿ ಪಶ್ಚಾತ್ತಾಪಪಡಲು ನಿನ್ನ ಗಂಡನಿಗೆ ಸಮಯವಿತ್ತು. ಹೀಗಿರುವಾಗ ನ್ಯಾಯತೀರ್ಪಿನ ಪೀಠವನ್ನು ನಾವೇಕೆ ಅಂಗಳದಲ್ಲಿ ಹಾಕಿ ಕೂರಬೇಕು?

ಎರಡನೆಯ ಮಾತು ಮೃದುವಾಗಿ ಕೇಳಿಸುತ್ತದೆ, ಆದರೆ ಅಪಾಯ ಅದರಲ್ಲಿ ಹೆಚ್ಚು. "ಬಿಡುಗಡೆ ಸಿಕ್ಕಿತು" ಎಂಬುದನ್ನು ಅದೇ ಸಾಲದಲ್ಲಿ ಮುಳುಗಿರುವ ತಮ್ಮನೂ ಪರೀಕ್ಷೆಯಲ್ಲಿ ಸೋತ ಮಗಳೂ ಕೇಳಿಸಿಕೊಳ್ಳುತ್ತಿರುತ್ತಾರೆ. ಸಾವು ಪರಿಹಾರವಾಯಿತೆಂದು ಅವರ ಎದುರು ಹೇಳುವುದು ಕರುಣೆಯಲ್ಲ. ಮಕ್ಕಳಿಗೆ "ಹೃದಯಾಘಾತ" ಎಂದು ಸುಳ್ಳು ಹೇಳುವುದೂ ಸರಿಯಲ್ಲ. ಒಂದಲ್ಲ ಒಂದು ದಿನ ಶಾಲೆಯಲ್ಲಿ ಬೇರೆ ಯಾರೋ ಅವರಿಗೆ ಹೇಳುತ್ತಾರೆ. ಅವರ ವಯಸ್ಸಿಗೆ ತಕ್ಕಷ್ಟು ನಿಜವನ್ನು, ನಡೆದ ರೀತಿಯ ವಿವರಗಳಿಲ್ಲದೆ, ಮನೆಯವರೇ ಹೇಳಬೇಕು. ಇದರಲ್ಲಿ ನಿನ್ನ ತಪ್ಪಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಯೋಬನ ಸ್ನೇಹಿತರು ಏಳು ದಿನ ಅವನೊಡನೆ ಮಾತಿಲ್ಲದೆ ನೆಲದ ಮೇಲೆ ಕೂತಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆಯೇ! ಸಾವಿನ ಮನೆಗೆ ಹೋಗುವ ನಮಗೆ ಆ ಏಳು ದಿನಗಳೇ ಮಾದರಿಯಾಗಲಿ.

ಸಾವಿಗೆ ಮುಂಚಿನ ದಿನಗಳ ವಿಷಯ ಇನ್ನೂ ಮುಖ್ಯ. ಪ್ರವಾದಿ ಎಲೀಯ ಬೆಂಗಾಡಿನಲ್ಲಿ ಗಿಡವೊಂದರ ಕೆಳಗೆ ಕುಳಿತು ಸಾವು ಬೇಡಿದಾಗ ದೇವದೂತನು ಬೈಯಲಿಲ್ಲ, ವಿಶ್ವಾಸವಿಲ್ಲವೇ ಎಂದು ಕೇಳಲಿಲ್ಲ. ಮುಟ್ಟಿ ಎಬ್ಬಿಸಿದ, ರೊಟ್ಟಿ ನೀರು ಕೊಟ್ಟ; ಮಲಗಿದವನನ್ನು ಮತ್ತೊಮ್ಮೆ ಎಬ್ಬಿಸಿ ಉಣಿಸಿದ. ಇಲ್ಲಿ ನಿನಗೇನು ಕೆಲಸ ಎಂದು ದೇವರು ಕೇಳಿದ್ದು ನಾಲ್ವತ್ತು ದಿನಗಳ ನಡಿಗೆಯ ನಂತರ, ಹೋರೇಬ್ ಬೆಟ್ಟದಲ್ಲಿ. ನಾವಾದರೋ ಅನ್ನಕ್ಕೆ ಮುಂಚೆ ಪ್ರಸಂಗ ಬಡಿಸುತ್ತೇವೆ.

ನಿಮ್ಮವರೊಬ್ಬರು ಊಟ, ನಿದ್ದೆ ಬಿಟ್ಟು ಯಾರೊಂದಿಗೂ ಬೆರೆಯದೆ "ನಾನಿಲ್ಲದಿದ್ದರೇ ಒಳ್ಳೆಯದು" ಎನ್ನುತ್ತಿದ್ದರೆ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಸಾಯುವ ಯೋಚನೆ ಬರುತ್ತಿದೆಯಾ?" ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ. ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದ್ದವರೆಂದು ಭಾವಿಸಿ ಆರೈಕೆ ಒದಗಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಹೇಳುತ್ತದೆ. ಪೊಲೀಸರಿಗೆ ಹೆದರಿ ಆಸ್ಪತ್ರೆಗೆ ಹೋಗದಿರಬೇಡಿ.

ಸಾಲದ ಲೆಕ್ಕವೂ ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕಾದ ಸತ್ಯ. ಸಹಕಾರ ಸಂಘಕ್ಕೆಷ್ಟು, ಬ್ಯಾಂಕಿಗೆಷ್ಟು, ಕಾಫಿ ವ್ಯಾಪಾರಿಯಿಂದ ತಂದ ಮುಂಗಡವೆಷ್ಟು ಎಂಬುದು ಹೆಂಡತಿಗೆ ತಿಳಿಯದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಸಂಜೆಯ ಜಪಸರ ಮುಗಿದ ಮೇಲೆ ಒಂದು ದಿನ ಆ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿರಿ. ಕೇಳುವವರೂ "ಇಷ್ಟು ದಿನ ಏಕೆ ಮುಚ್ಚಿಟ್ಟಿರಿ" ಎಂದು ಅದೇ ರಾತ್ರಿ ಜಗಳಕ್ಕೆ ನಿಲ್ಲಬಾರದು.

ಇನ್ನು ಇಂಥ ಸಾವಿನಿಂದ ಈಗಾಗಲೇ ನೊಂದಿರುವ ಕುಟುಂಬಗಳವರೇ, ನವೆಂಬರ್ ತಿಂಗಳಲ್ಲಿ ಮೃತರ ಪಟ್ಟಿ ಬರೆದುಕೊಡುವಾಗ ಆ ಒಂದು ಹೆಸರನ್ನು ಬಿಡಬೇಡಿ. ತಂದೆಯ ಹೆಸರು, ಅಜ್ಜಿಯ ಹೆಸರು ಬರೆದ ಹಾಗೆಯೇ ಅದನ್ನೂ ಪೂರ್ತಿಯಾಗಿ ಬರೆದು ಗುರುಗಳ ಕೈಗೆ ಕೊಡಿ.